ಎಲ್‌ವಿಎನ್ ಓದಲು ಹೊರಟ ಪುಟ್ಟಿಗೆ

ಡಲ್ಲಾಸ್

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನಗೆ ಕೆಲಸ ಮಾಡಲು ಅನುಮತಿ ಸಿಕ್ಕಿತೆಂದೂ ಹ್ಯೂಸ್ಟನ್ನಿನಲ್ಲೇ ಎಲ್‌ವಿಎನ್ (ಲೈಸೆನ್ಸ್ಡ್ ವೊಕೇಷನಲ್ ನರ್ಸ್) ಕೋರ್ಸಿಗೆ ಸೇರುತ್ತೀಯೆಂದೂ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. “ಪೂರ್ತಿ ನರ್ಸ್ ಅಲ್ಲವಂತೆ ಅಕ್ಕಾ” ಎಂದು ದನಿ ತಗ್ಗಿಸಿದಳು. ಇಷ್ಟು ವರ್ಷ ಅದೇ ಕೆಲಸದಲ್ಲಿ ಮನೆ ನಡೆಸಿದ ನನ್ನ ಮುಂದೆ ಆ ಮಾತು! ಅವಳ ಜೊತೆಗಿನ ಜಗಳ ನನಗಿರಲಿ.

ಮೊದಲು ಶಾಲೆಯ ವಿಷಯ. ಜಾಹೀರಾತು ನೋಡಿ ಹಣ ಕಟ್ಟಬೇಡ. ಟೆಕ್ಸಾಸ್ ಬೋರ್ಡ್ ಆಫ್ ನರ್ಸಿಂಗ್ ಮಾನ್ಯತೆ ಪಡೆದ ಶಾಲೆಗಳ ಪಟ್ಟಿಯನ್ನೂ, ಪ್ರತಿ ಶಾಲೆಯಿಂದ ಎಷ್ಟು ಜನ ಲೈಸೆನ್ಸ್ ಪರೀಕ್ಷೆ ಪಾಸಾದರೆಂಬುದನ್ನೂ ಪ್ರಕಟಿಸುತ್ತದೆ. 2023ರ ಜನವರಿಯಲ್ಲಿ ಫ್ಲಾರಿಡಾದ ಶಾಲೆಗಳು 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಿದ್ದು ಬಯಲಾಯಿತು. ಕೊಂಡವರು ಆ ಡಿಪ್ಲೊಮಾಕ್ಕೆ ಬೇಕಾದ ಪಾಠವನ್ನೂ ಕೇಳಿರಲಿಲ್ಲ, ವಾರ್ಡಿನ ತರಬೇತಿಯನ್ನೂ ಪಡೆದಿರಲಿಲ್ಲ. ನೇರವಾಗಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್, ಎಲ್‌ವಿಎನ್‌ಗಿಂತ ಮೇಲಿನ ಹಂತ) ಮಾಡಲಿ ಎಂಬುದು ಅಳಿಯಂದಿರ ಅಭಿಪ್ರಾಯವಂತೆ. ಅದೂ ತಪ್ಪಲ್ಲ, ಸಂಬಳದಲ್ಲಿ ದೊಡ್ಡ ಅಂತರವೇ ಇದೆ. ಆದರೆ ಸುಮಾರು ಒಂದು ವರ್ಷದಲ್ಲಿ ದುಡಿಯಲು ನಿಲ್ಲಬೇಕೆಂದಿದ್ದರೆ ಇದೇ ದಾರಿ. ಸಮುದಾಯ ಕಾಲೇಜನ್ನೇ ಆರಿಸಿಕೋ. ಮುಂದೆ ಆರ್‌ಎನ್‌ಗೆ ಹೋಗುವಾಗ ಇಲ್ಲಿ ಓದಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ಸೇರುವ ಮೊದಲೇ ಕೇಳು. ಎಷ್ಟೋ ಖಾಸಗಿ ಶಾಲೆಗಳ ಕ್ರೆಡಿಟ್ಟುಗಳನ್ನು ಬೇರೆಯವರು ಒಪ್ಪುವುದಿಲ್ಲ.

ಪರೀಕ್ಷೆಯ ಹೆಸರು ಎನ್‌ಕ್ಲೆಕ್ಸ್-ಪಿಎನ್. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ. ನಿನ್ನ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಹಾಕುತ್ತದೆ, ಸಾಕೆನಿಸಿದಾಗ ತಾನೇ ನಿಲ್ಲಿಸುತ್ತದೆ. 85ಕ್ಕೇ ನಿಂತಿತೆಂದು ಅಳುತ್ತಾ ಬಂದವರು ಪಾಸಾಗಿದ್ದಾರೆ, ನಗುತ್ತಾ ಬಂದವರು ಫೇಲಾಗಿದ್ದಾರೆ. ಟೆಕ್ಸಾಸಿನಲ್ಲಿ ಇದರ ಜೊತೆಗೆ ನರ್ಸಿಂಗ್ ಕಾನೂನಿನ ಪರೀಕ್ಷೆ, ಬೆರಳಚ್ಚು ತಪಾಸಣೆ ಇವೆ. ನಮ್ಮವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಕಾಲೇಜಿನಲ್ಲಿ ಬರೀ ಇನಿಷಿಯಲ್, ಮದುವೆಯ ನಂತರ ಇನ್ನೊಂದು. ಗುರುತಿನ ಚೀಟಿಯ ಹೆಸರಿಗೂ ನೋಂದಣಿಯ ಹೆಸರಿಗೂ ತಾಳೆಯಾಗದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ. ಅದನ್ನು ಈಗಲೇ ಸರಿಪಡಿಸಿಕೋ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಕೆಲಸ ಕೊಡುವವರು ಯಾರೇ ಆಗಲಿ, ಲೈಸೆನ್ಸ್ ನಿನ್ನ ಹೆಸರಿನಲ್ಲಿರುತ್ತದೆ. ಬೋರ್ಡಿಗೆ ಉತ್ತರ ಹೇಳಬೇಕಾದವಳೂ ನೀನೇ. ಅದರ ಬಾಂದುಕಲ್ಲು ಎಲ್ಲೆಲ್ಲಿದೆಯೆಂದು ತಿಳಿದಿರಬೇಕು. ರೋಗಿಯನ್ನು ಸಮಗ್ರವಾಗಿ ಪರಿಶೀಲಿಸಿ ಶುಶ್ರೂಷೆಯ ಯೋಜನೆ ರೂಪಿಸುವುದು ಆರ್‌ಎನ್ ಕೆಲಸ. ಕಣ್ಣಮುಂದಿನ ತೊಂದರೆಯನ್ನು ಪರೀಕ್ಷಿಸಿ, ಆದದ್ದನ್ನು ಬರೆದು, ತಿಳಿಸಬೇಕಾದವರಿಗೆ ತಿಳಿಸುವುದು ನಿನ್ನದು. ತೋಳಿನ ರಕ್ತನಾಳದಿಂದ ಹೃದಯದ ಸಮೀಪದವರೆಗೆ ಹೋಗುವ ಸಣ್ಣ ಕೊಳವೆ, ಅಂದರೆ ಪಿಕ್ ಲೈನ್ ಹಾಕುವುದು ಎಲ್‌ವಿಎನ್ ವ್ಯಾಪ್ತಿಯಲ್ಲಿಲ್ಲ, ಯಾರು ಕಲಿಸಿಕೊಡುತ್ತೇನೆಂದರೂ ಸರಿ.

ನರ್ಸಿಂಗ್ ಹೋಮಿನ ರಾತ್ರಿ ಪಾಳಿಯಲ್ಲಿ ಇದೆಲ್ಲ ಕಠಿಣವಾಗುತ್ತದೆ. ಕೇಂದ್ರ ಸರ್ಕಾರದ ನಿಯಮ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ ಆರ್‌ಎನ್ ಇರಬೇಕೆನ್ನುತ್ತದೆ. ಉಳಿದ ಹೊತ್ತು ಆ ಕಟ್ಟಡದ ಹಿರಿಯ ನರ್ಸ್ ನೀನೇ ಆಗಿರಬಹುದು. ಆರ್‌ಎನ್ ಫೋನಿನಲ್ಲಿ ಸಿಗುತ್ತಾರೆ, ಅಷ್ಟೇ. ಮೂರು ಗಂಟೆಗೆ ಅಜ್ಜನೊಬ್ಬರ ಉಸಿರು ನಿಂತಿತೆಂದುಕೋ. ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಬದುಕಿಸುವ ಯತ್ನ) ಬೇಡವೆಂಬ ಆದೇಶ ಇಲ್ಲದಿದ್ದರೆ ಕೂಡಲೇ ಶುರುಮಾಡಬೇಕು. ಆದೇಶವಿದ್ದರೂ “ತೀರಿಕೊಂಡರು” ಎಂದು ಅಧಿಕೃತವಾಗಿ ಘೋಷಿಸುವ ಹಕ್ಕು ಎಲ್‌ವಿಎನ್‌ಗೆ ಇಲ್ಲ. ಮಗಳು ಫೋನಿನಲ್ಲಿ ಅಳುತ್ತಾ ಕೇಳುತ್ತಿದ್ದರೂ, ಆ ಅಧಿಕಾರ ಇರುವವರನ್ನು ಕರೆಸುವವರೆಗೆ ನೀನು ತಾಳಿಕೊಳ್ಳಬೇಕು. ನನಗಂತೂ ಇದು ಎಂದಿಗೂ ಸುಲಭವಾಗಲಿಲ್ಲ.

ಪಾಳಿ ಬದಲಾಗುವಾಗ ಮಾರ್ಫಿನ್‌ನಂಥ ಮಾತ್ರೆಗಳನ್ನು ಇಬ್ಬರೂ ಕೂಡಿ ಎಣಿಸದೆ ಬೀಗದ ಕೈ ತೆಗೆದುಕೊಳ್ಳಬೇಡ. ಎದುರಿಗಿರುವವಳು ಎಷ್ಟೇ ಆಪ್ತಳಾಗಿರಲಿ, ಎಷ್ಟೇ ಅವಸರದಲ್ಲಿರಲಿ.

ನಿಭಾಯಿಸಲಾಗದಷ್ಟು ರೋಗಿಗಳನ್ನು ಹೊರಿಸಿದರೆ ಟೆಕ್ಸಾಸಿನಲ್ಲಿ ‘ಸೇಫ್ ಹಾರ್ಬರ್’ ಎಂಬ ರಕ್ಷಣೆಯಿದೆ. ರೋಗಿಗೆ ಅಪಾಯವಾದೀತೆಂದು ಪ್ರಾಮಾಣಿಕವಾಗಿ ಅನಿಸಿದರೆ ಆ ಕೆಲಸಕ್ಕೆ ಕೈಹಾಕುವ ಮೊದಲೇ ಲಿಖಿತವಾಗಿ ಕೊಡಬೇಕು. ಆಗ ಬೋರ್ಡಿನ ಶಿಸ್ತುಕ್ರಮದಿಂದಲೂ ಮಾಲೀಕರ ಸೇಡಿನಿಂದಲೂ ರಕ್ಷಣೆ ಸಿಗುತ್ತದೆ. ಮೇಲಿನವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಲೈಸೆನ್ಸಿನ ನವೀಕರಣ ಎರಡು ವರ್ಷಕ್ಕೊಮ್ಮೆ, ನಿನ್ನ ಹುಟ್ಟುತಿಂಗಳು ಮುಗಿಯುವುದರೊಳಗೆ, 20 ಗಂಟೆಗಳ ಕಲಿಕೆಯೊಂದಿಗೆ. ಅಳಿಯಂದಿರ ಕಂಪನಿ ಕ್ಯಾಲಿಫೋರ್ನಿಯಾಕ್ಕೆ ವರ್ಗ ಮಾಡುವ ಸಾಧ್ಯತೆಯಿದ್ದರೆ ಮೊದಲೇ ತಿಳಿದಿರು: ಒಂದೇ ಲೈಸೆನ್ಸಿನಲ್ಲಿ ಹಲವು ರಾಜ್ಯಗಳಲ್ಲಿ ಕೆಲಸ ಮಾಡಬಹುದಾದ ಒಪ್ಪಂದದಲ್ಲಿ ಟೆಕ್ಸಾಸ್ ಇದೆ, ಕ್ಯಾಲಿಫೋರ್ನಿಯಾ ಇಲ್ಲ. ಅಲ್ಲಿಗೆ ಬೇರೆ ಲೈಸೆನ್ಸ್ ಪಡೆಯಬೇಕು, ಅದಕ್ಕೆ ತಿಂಗಳುಗಳೂ ಹಿಡಿಯಬಹುದು.

ನೋಡಿಟ್ಟಿರುವ ಶಾಲೆಗಳ ಹೆಸರು ಕಳಿಸು, ಪಟ್ಟಿಯಲ್ಲಿ ನೋಡಿ ಭಾನುವಾರ ಫೋನ್ ಮಾಡುತ್ತೇನೆ.

ಇತಿ ಆಶೀರ್ವಾದಗಳೊಂದಿಗೆ,
ದೊಡ್ಡಮ್ಮ