ಭಾನುವಾರದ ಚರ್ಚೆಯ ವಿಷಯ: ಒರೊಮೊ ಮಹಿಳೆಯರ ಸೀಂಕೆ

ಮಾನ್ಯ ಸದಸ್ಯರೇ,

ಈ ಭಾನುವಾರದ ಚರ್ಚೆಗೆ ಇಥಿಯೋಪಿಯಾದ ಒರೊಮೊ ಜನಾಂಗದ ಮಹಿಳೆಯರ ಸೀಂಕೆ ಪದ್ಧತಿಯನ್ನು ಆರಿಸಿಕೊಂಡಿದ್ದೇವೆ. ಸೀಂಕೆ ಎಂಬುದು ಮದುವೆಯ ದಿನ ತಾಯಿ ಮಗಳ ಕೈಗಿಡುವ ನೀಳವಾದ ತೆಳು ಕೋಲು. ವಿವಾಹಿತೆಯ ಹಕ್ಕುಗಳಿಗೆ ಅದೇ ಗುರುತು. ಅರ್ಸಿ ಸೀಮೆಯ ರೂಢಿಯಂತೆ, ಎರಡು ಕುಲಗಳು ಕಾದಾಟಕ್ಕೆ ನಿಂತಾಗ ಹೆಂಗಸರು ಈ ಕೋಲುಗಳನ್ನು ಹಿಡಿದು ನಡುವೆ ಸಾಲುಗಟ್ಟಿದರೆ, ಅವರನ್ನು ದಾಟಿ ಆಯುಧ ಎತ್ತುವುದು ದೈವಕ್ಕೇ ಎಸಗುವ ಅಪಚಾರವೆಂದು ಭಾವಿಸಿ ಗಂಡಸರು ಹಿಂದೆ ಸರಿಯುತ್ತಾರೆ. ಬಳಿಕ ಹಿರಿಯರ ಸಂಧಾನ ಆರಂಭವಾಗುತ್ತದೆ.

ಮನೆಯೊಳಗಿನ ಹಿಂಸೆಗೂ ಈ ಕಟ್ಟಳೆ ಅನ್ವಯಿಸುತ್ತದೆ. ಬಾಣಂತಿಯ ಮೇಲೆ ಗಂಡ ಕೈಮಾಡಿದರೆ ಅವಳು ಸೀಂಕೆ ಹಿಡಿದು ಕೂಗು ಹಾಕುತ್ತಾಳೆ. ಕೇಳಿಸಿಕೊಂಡ ನೆರೆಹೊರೆಯ ಹೆಂಗಸರೆಲ್ಲ ಅಡುಗೆ, ಕೂಸು, ಕೊಟ್ಟಿಗೆಯ ಕೆಲಸಗಳನ್ನು ಬಿಟ್ಟು ಹೊರಟುಬರುತ್ತಾರೆ. ತಪ್ಪಿತಸ್ಥನು ಕ್ಷಮೆ ಕೇಳಿ, ದನ ಕೊಯ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೆ ಅವರು ಮನೆಗೆ ಮರಳುವುದಿಲ್ಲ.

2016ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಗದಾ, ಅಂದರೆ ಒರೊಮೊ ಜನರ ಸಾಂಪ್ರದಾಯಿಕ ಆಡಳಿತ ವ್ಯವಸ್ಥೆಯ ಅಧಿಕಾರಸ್ಥಾನಗಳು ಪುರುಷರ ಕೈಯಲ್ಲಿದ್ದವು ಎಂಬುದನ್ನು ನೆನೆದರೆ ಸೀಂಕೆಯ ಮಹತ್ವ ತಿಳಿಯುತ್ತದೆ. ಹೆಂಗಸರು ಸ್ವಭಾವತಃ ಶಾಂತಿಪ್ರಿಯರು ಎಂಬ ಸುಲಭದ ಮಾತು ಇಲ್ಲಿ ಸಾಲದು. ಅವರ ಬಲವಿರುವುದು ಸಂಘಟನೆಯಲ್ಲಿ. ಆದರೆ ಆ ಬಲವು ಎದುರಿಗಿರುವವರ ನಂಬಿಕೆಯನ್ನೂ ಅವಲಂಬಿಸಿದೆ. ಹಳೆಯ ಕಟ್ಟಳೆಯನ್ನು ಒಪ್ಪದ ಬಂದೂಕುಧಾರಿಗಳ ಮುಂದೆ ಸೀಂಕೆ ಎಷ್ಟರಮಟ್ಟಿಗೆ ನಿಲ್ಲಬಲ್ಲದು ಎಂಬ ಪ್ರಶ್ನೆಗೇ ಚರ್ಚೆಯ ಹೆಚ್ಚಿನ ಸಮಯವನ್ನು ಮೀಸಲಿಡಲಾಗಿದೆ. ಮಾತನಾಡಬಯಸುವವರು ಶುಕ್ರವಾರದೊಳಗೆ ಈ ಗುಂಪಿನಲ್ಲೇ ತಿಳಿಸಬೇಕಾಗಿ ವಿನಂತಿ.