ಜೌಗಿನ ನೀರಲ್ಲಿ ಕಂಡ ಮುಖಗಳು

ಮಂಜಾ,

ಹೇಗಿದ್ದೀಯೋ? ಆ ಮೂರನೇ ಇಡ್ಲಿ ನಿನ್ನ ಲೆಕ್ಕಕ್ಕೇ ಸೇರಬೇಕು ಅಂತ ಇಷ್ಟು ವರ್ಷ ವಾದ ಮಾಡಿದ್ದೇನೆ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಹಾಸ್ಟೆಲ್ಲಿನ ಹದಿನಾಲ್ಕನೇ ನಂಬರ್ ರೂಮಲ್ಲಿ ಬೆಳಗಿನ ಜಾವದವರೆಗೂ ‘ಲಾರ್ಡ್ ಆಫ್ ದ ರಿಂಗ್ಸ್’ ಸಿನಿಮಾ ನೋಡಿದ್ದೆವಲ್ಲ, ಆಗ ಅದರಲ್ಲಿನ ದುಷ್ಟರ ನಾಡು ಮೊರ್ಡೋರ್ ಅಂದರೆ ಹಿಟ್ಲರನ ಜರ್ಮನಿ ಅಂತ ನಾನು ಹಟ ಹಿಡಿದಿದ್ದೆ. ಸೀನ ಒಪ್ಪಿರಲಿಲ್ಲ. ಅವನೇ ಸರಿ ಕಣೋ. ಕಥೆಯನ್ನು ಎರಡನೇ ಮಹಾಯುದ್ಧಕ್ಕೆ ತಾಳೆ ಹಾಕುವವರ ಮಾತನ್ನು ಆ ಪುಸ್ತಕ ಬರೆದ ಟೋಲ್ಕಿನ್ ತನ್ನ ಮುನ್ನುಡಿಯಲ್ಲೇ ತಳ್ಳಿಹಾಕಿದ್ದಾನೆ.

ಅವನು ಚಿಕ್ಕವನಿದ್ದಾಗ ಇದ್ದದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಸೇರ್‌ಹೋಲ್ ಅನ್ನುವ ಹಸಿರು ಹಳ್ಳಿಯಲ್ಲಿ. ಬರ್ಮಿಂಗ್‌ಹ್ಯಾಮ್ ಆಚೆಗೆ ಬ್ಲ್ಯಾಕ್ ಕಂಟ್ರಿ, ಅಂದರೆ ಕಪ್ಪು ನಾಡು. ಬರೀ ಕಲ್ಲಿದ್ದಲು ಗಣಿ, ಕಬ್ಬಿಣದ ಕುಲುಮೆ. ಹಗಲು ಕಪ್ಪು, ರಾತ್ರಿ ಕೆಂಪು ಅಂತ ಅಮೆರಿಕದ ಲೇಖಕ ಎಲಿಹು ಬರಿಟ್ 1868ರಲ್ಲೇ ಬರೆದಿದ್ದ. ಮೊರ್ಡೋರ್ ಅಂದರೂ ಕಥೆಯ ಎಲ್ಫ್ ಜನರಿಗೆ ಟೋಲ್ಕಿನ್ ಕಟ್ಟಿದ ಭಾಷೆಯಲ್ಲಿ ಕಪ್ಪು ನಾಡು ಅಂತಲೇ ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಅದೇ ಸದ್ದಿನ ಪದಕ್ಕೆ ಕೊಲೆ ಅನ್ನುವ ಅರ್ಥ ಇದೆ. ಆದರೆ ನನ್ನ ನಿದ್ದೆ ಕೆಡಿಸಿದ್ದು ಇದಲ್ಲ.

ಮೊರ್ಡೋರಿನ ಬಾಗಿಲಿಗೆ ಹೋಗುವ ದಾರಿಯಲ್ಲಿ ಒಂದು ಜೌಗು ಸಿಗುತ್ತದೆ, ನೆನಪಿದೆಯಾ? ನೀರೊಳಗೆ ಸತ್ತವರ ಮುಖಗಳು, ಮೇಲೆ ಮಿಣಮಿಣ ದೀಪ. ಮೊದಲ ಮಹಾಯುದ್ಧದ ಸೋಮ್ ಕದನ ಮುಗಿದ ಮೇಲಿನ ಉತ್ತರ ಫ್ರಾನ್ಸಿನಿಂದ ಆ ಜೌಗಿಗೆ ಒಂದಿಷ್ಟು ಬಂದಿದೆ ಅಂತ ಅವನೇ 1960ರಲ್ಲಿ ಒಂದು ಪತ್ರದಲ್ಲಿ ಹೇಳಿದ್ದಾನೆ. ಆ ಕದನದ ಮೊದಲ ದಿನ, 1916ರ ಜುಲೈ 1, ಒಂದೇ ದಿನ, ಬ್ರಿಟಿಷರ ಕಡೆ 19,240 ಜನ ಸತ್ತರು. ಫಿರಂಗಿ ಗುಂಡು ಬಿದ್ದ ಹೊಂಡಗಳಲ್ಲಿ ಮಳೆನೀರು, ನೀರಲ್ಲಿ ಹೆಣ. 24 ವರ್ಷದ ಟೋಲ್ಕಿನ್ ಆ ಯುದ್ಧದಲ್ಲಿ ಸಿಗ್ನಲ್ ಅಧಿಕಾರಿ. ಹೇನಿನಿಂದ ಹರಡುವ ಟ್ರೆಂಚ್ ಜ್ವರ ಹಿಡಿದು ನವೆಂಬರಿನಲ್ಲಿ ಊರಿಗೆ ವಾಪಸ್ಸಾದ.

ಟೋಲ್ಕಿನ್ ಸೇರಿ ಅವರು ನಾಲ್ಕು ಜನ ಗೆಳೆಯರು. ಶಾಲೆಯ ಲೈಬ್ರರಿಯಲ್ಲಿ ಕದ್ದು ಟೀ ಕಾಯಿಸಿ ಕುಡಿದವರು. ಗಿಲ್ಸನ್ ಆ ಮೊದಲ ದಿನವೇ ಹೋದ. ಸ್ಮಿತ್ ಡಿಸೆಂಬರಿನಲ್ಲಿ. ನಾನು ಹೋದರೆ, ನಾನು ಹೇಳಬೇಕೆಂದಿದ್ದನ್ನು ನೀನು ಹೇಳು ಅಂತ ಸ್ಮಿತ್ ಮೊದಲೇ ಟೋಲ್ಕಿನ್‌ಗೆ ಬರೆದಿದ್ದ. 1918ರಲ್ಲಿ ಟೋಲ್ಕಿನ್, ಉಳಿದ ಇನ್ನೊಬ್ಬ ಗೆಳೆಯನ ಜೊತೆ ಸೇರಿ ಸ್ಮಿತ್‌ನ ಕವಿತೆಗಳನ್ನು ಪುಸ್ತಕ ಮಾಡಿಸಿದ.

ಟೋಲ್ಕಿನ್ ಬಗ್ಗೆ ಓದುತ್ತಾ ಇಲ್ಲಿಗೆ ಬಂದಾಗ ಮುಂದೆ ಓದೋಕೆ ಆಗಲಿಲ್ಲ.

ಮಂಜಾ, ಸೀನನ ನೀಲಿ ರಟ್ಟಿನ ನೋಟ್‌ಬುಕ್ ಅವರಮ್ಮನ ಹತ್ತಿರ ಇದೆ ಅಂತ ನಿನಗೆ ಹೇಳಿದ್ದೆನಲ್ಲ. ಸುಳ್ಳು. ಆಸ್ಪತ್ರೆಯಲ್ಲಿ ಅವನೇ ನನ್ನ ಕೈಗೆ ಕೊಟ್ಟ. “ಇಟ್ಕೊಂಡಿರು, ಆಮೇಲೆ ನೋಡೋಣ” ಅಂದ. ಆರು ವರ್ಷದಿಂದ ನನ್ನ ಟ್ರಂಕಿನಲ್ಲಿದೆ. ಒಂದೇ ಸಲ ತೆರೆದೆ. ಮೊದಲ ಪುಟದಲ್ಲಿ ನಮ್ಮ ಮೂವರ ಹೆಸರು, ಅವನ ಆ ಬಲಕ್ಕೆ ವಾಲುವ ಅಕ್ಷರದಲ್ಲಿ. ಕೆಳಗೆ ಮೆಸ್ಸಿನ ಲೆಕ್ಕ. ಪುಟ ತಿರುವಲಿಲ್ಲ. ಅವನ ಮುಖ ಎದ್ದು ಬಂದರೆ ಏನು ಮಾಡಲಿ ಅಂತ ಭಯವಾಯಿತು. ಅವರಮ್ಮ ಎರಡು ಸಲ ಕೇಳಿದ್ದರು. ಅವರಿಗೂ ಇಲ್ಲ ಅಂದೆ.

ಇಷ್ಟೆಲ್ಲ ಬರೀಬೇಕು ಅಂತ ಕೂತಿರಲಿಲ್ಲ. ನಿನಗೊಬ್ಬನಿಗೇ ಕಳಿಸಬಹುದಿತ್ತು. ಎಲ್ಲರೆದುರು ಹೇಳಿಬಿಟ್ಟರೆ ಮತ್ತೆ ಟ್ರಂಕು ಮುಚ್ಚೋಕೆ ಆಗಲ್ಲ, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ.

ದೀಪಾವಳಿ ರಜೆಗೆ ಬಾ. ಇಬ್ಬರೂ ಕೂತು ಓದೋಣ, ಆಮೇಲೆ ಅವರಮ್ಮನ ಮನೆಗೆ ಹೋಗೋಣ. ಇಡ್ಲಿ ನಾನೇ ಕೊಡಿಸುತ್ತೇನೆ. ಮೂರನೆಯದನ್ನು ಸೀನ ನನ್ನ ಹೆಸರಿಗೇ ಬರೆದಿಟ್ಟಿದ್ದಾನೆ.

ನಿನ್ನ,
ಗುಂಡ