ರೋಗದ ಅಂಕಿಅಂಶ ಎಲ್ಲರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಸಾಂಕ್ರಾಮಿಕ ರೋಗ ಹರಡ್ತಿರೋವಾಗ ಆಸ್ಪತ್ರೆ, ಲ್ಯಾಬ್‌ಗಳ ಡೇಟಾ ಒಂದೇ ಕಡೆ ಎಲ್ಲರಿಗೂ ಕಾಣೋ ಹಾಗಿರಬೇಕು, ಆದ್ರೆ ಈಗ್ಲೂ ಎಷ್ಟೋ ಕಡೆ ಅದು ಪಿಡಿಎಫ್ ಫೈಲುಗಳಲ್ಲೇ ಉಳ್ಕೊಂಡಿದೆ. ಕೋವಿಡ್ ಟೈಮಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2020ರ ಜನವರಿ 22ಕ್ಕೇ ಡ್ಯಾಶ್‌ಬೋರ್ಡ್, ಅಂದ್ರೆ ಕೇಸುಗಳ ಲೆಕ್ಕನ ಒಂದೇ ಕಡೆ ತೋರಿಸೋ ವೆಬ್ ಪುಟ, ಶುರು ಮಾಡಿದ್ರು, ಅದರ ಡೇಟಾನ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೋಬಹುದಿತ್ತು, ಸರ್ಕಾರಗಳು ಪತ್ರಕರ್ತರು ಎಲ್ಲಾ ಅದನ್ನೇ ನೋಡ್ತಿದ್ರು, 2023ರ ಮಾರ್ಚ್ 10ಕ್ಕೆ ಅದೂ ನಿಂತೋಯ್ತು. ಬರೀ ಒಟ್ಟು ಕೇಸ್ ತೋರಿಸಿದ್ರೂ ಸಾಲದು, ಟೆಸ್ಟ್ ಕಮ್ಮಿ ಮಾಡಿದ್ರೆ ಕೇಸೂ ಕಮ್ಮಿನೇ ಕಾಣುತ್ತೆ, ಜನ ಮೈಮರೀತಾರೆ, ನನಗಿರೋ ಭಯ ಅದೇ. ಹಾಗಾಗಿ ಆರೋಗ್ಯ ಇಲಾಖೆಗಳು ರೋಗಿಗಳ ಹೆಸರು ವಿಳಾಸ ತೆಗೆದು, ಲಕ್ಷಣ ಶುರುವಾದ ದಿನ, ಮಾಡಿದ ಟೆಸ್ಟ್‌ಗಳ ಸಂಖ್ಯೆ ಸೇರಿಸಿ ದಿನಾ ಒಂದೇ ಫಾರ್ಮ್ಯಾಟಲ್ಲಿ ಹಾಕ್ಲಿ, ರೋಗ ತಗ್ಗಿದಾಗ್ಲೂ ನಿಲ್ಲಿಸೋದು ಬೇಡ.

ಇತಿ,
ಒಬ್ಬ ಓದುಗ